ನಾಯಿಗೂ ಬೆಡಗು ನೋಡಬೇಕು

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆ, ಕುರಿ ಸಾಕುವ ಮನೆತನ. ನಾನು ಹುಬ್ಬಳ್ಳಿಯಲ್ಲಿ ನೌಕರಿಗಿದ್ದೇನೆ. ಅಪ್ಪ, ಕಾಕಾ ಇನ್ನೂ ಹಿಂಡು ಕಾಯುತ್ತಾರೆ. ಮನೆಯಲ್ಲಿ ಮೂರು ವರ್ಷದ ಮುಧೋಳ ಹೆಣ್ಣು ನಾಯಿ ಇದೆ. ಹೋದ ಬೆದೆಯಲ್ಲಿ ಹಗ್ಗ ಕಡಿದುಕೊಂಡು ಹೋಗಿ ಬೀದಿನಾಯಿ ಜೊತೆ ಸೇರಿತು, ನಾಲ್ಕು ಮರಿ ಹಾಕಿತು. ಮರಿ ಹಾಕಿ ಏಳು ತಿಂಗಳಾಯಿತು, ಈಗ ಮತ್ತೆ ಬೆದೆಗೆ ಬರುವ ಹೊತ್ತು. ‘ಒಮ್ಮೆ ಬೀದಿನಾಯಿ ಮುಟ್ಟಿದ್ರ ರಕ್ತ ಕೆಟ್ಟಂಗ, ಇನ್ನ ಚೊಕ್ಕ ಮರಿ ಬರೂದಿಲ್ಲ’ ಅಂತಾರೆ ಊರವರು. ಊರಲ್ಲೇ ಪ್ರದರ್ಶನದಲ್ಲಿ ಬಹುಮಾನ ಪಡೆದ ಗಂಡು ನಾಯಿ ಇದೆ. ಅದಕ್ಕೂ ನಮ್ಮದಕ್ಕೂ ಅಪ್ಪ ಒಂದೇ. ಅದರಿಂದಲೇ ಮಾಡಿಸಿದರೆ ರಕ್ತ ಇನ್ನೂ ಚೊಕ್ಕ ಆಗುತ್ತದೆ ಅನ್ನುವವರಿದ್ದಾರೆ. ಆದರೆ ಅದೇ ಗಂಡಿನಿಂದ ಪಕ್ಕದ ಮನೆಯಲ್ಲಿ ಹುಟ್ಟಿದ ಏಳು ಮರಿಗಳಲ್ಲಿ ಮೂರು ಒಂದೇ ವಾರದಲ್ಲಿ ಸತ್ತವು. ಆ ತಾಯಿಯೂ ಅದೇ ಮನೆತನದ್ದಂತೆ. ಸಾಂಗ್ಲಿ ಕಡೆ ಪರಿಚಯದವರ ಹತ್ತಿರ ಕಾರವಾನ್ ನಾಯಿ ಇದೆ. ಅದು ಬೇರೆ ಜಾತಿ, ಬೇಡ ಅಂತಾರೆ ಕಾಕಾ. ಗೆಳೆಯನೊಬ್ಬ ಗ್ರೇಹೌಂಡ್ ಎಂಬ ವಿದೇಶಿ ಓಟದ ನಾಯಿ ಹಾಕಿಸು, ಮರಿಗೆ ಒಳ್ಳೇ ರೇಟು ಬರುತ್ತದೆ ಅಂತಾನೆ. ನನಗೆ ರೇಟಿನ ಆಸೆ ಇಲ್ಲ, ತಳಿ ಉಳೀಬೇಕು. ಏನು ಮಾಡಲಿ?

ಉತ್ತರ: ನಿಮಗೆ ಸಲಹೆ ಕೊಟ್ಟವರೆಲ್ಲ ‘ಚೊಕ್ಕ ರಕ್ತ’ ಎಂಬ ಒಂದೇ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಆಡಿದ್ದಾರೆ. ಊರವರಿಗೆ ಅದು ಮೈಲಿಗೆಯ ವಿಷಯ. ಗಂಡು ನಾಯಿಯ ಪರ ಮಾತಾಡಿದವರಿಗೆ ಸಂಬಂಧ ಹತ್ತಿರವಾದಷ್ಟೂ ಚೊಕ್ಕ. ನಿಮ್ಮ ಕಾಕಾಗೆ ಗಡಿಯ ಈಚೆಗಿನದು ಮಾತ್ರ ಚೊಕ್ಕ. ಗೊಂದಲ ಹುಟ್ಟಿದ್ದು ಇಲ್ಲಿಂದ. ‘ಕ್ರಾಸ್’ ಅನ್ನುವ ಪದವೂ ಹಾಗೆಯೇ. ನಮ್ಮ ಕಡೆ ಗಂಡು-ಹೆಣ್ಣು ಕೂಡಿಸುವುದಕ್ಕೂ ಕ್ರಾಸ್ ಅಂತಾರೆ, ಬೆರಕೆ ತಳಿಗೂ ಕ್ರಾಸ್ ಅಂತಾರೆ. ‘ಕ್ರಾಸ್ ಮಾಡಿಸೇನ್ರಿ’ ಎಂದು ಯಾರಾದರೂ ದವಾಖಾನೆಗೆ ಬಂದರೆ, ಯಾವುದರ ಜೊತೆ ಎಂದು ನಾನು ಎರಡು ಸಲ ಕೇಳುತ್ತೇನೆ.

ತುರ್ತಿನ ಮಾತು ಮೊದಲು. ಈ ಬೆದೆಯನ್ನು ಬಿಟ್ಟುಬಿಡಿ. ಈಗ ಗಂಡಿಗೆ ಬಿಟ್ಟರೆ ಸುಮಾರು 63 ದಿನಕ್ಕೆ ಮರಿ, ಅಂದರೆ ಹಿಂದಿನ ಬಾಣಂತನ ಮುಗಿದು ವರ್ಷ ತುಂಬುವ ಮೊದಲೇ ಇನ್ನೊಂದು. ಮರಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ: ಹನ್ನೆರಡು ತಿಂಗಳಲ್ಲಿ ಒಂದೇ ಬಾಣಂತನ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವ ಹಾಗಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಮಾರಾಟ ನಿಮ್ಮ ಉದ್ದೇಶವಾದರೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಬೇಕು. ನೀವು ಮಾರದಿದ್ದರೂ ನಾಯಿಯ ಮೈಗೆ ಆ ವಿಶ್ರಾಂತಿ ಬೇಕೇ ಬೇಕು. ಬೆದೆಯ ಮೂರು ವಾರ ಹಗ್ಗ ನಂಬಬೇಡಿ, ಬಾಗಿಲು ಹಾಕಿದ ಕೋಣೆಯಲ್ಲಿಡಿ. ರಕ್ತ ನಿಂತಿತು, ಬೆದೆ ಮುಗಿಯಿತು ಎಂದುಕೊಂಡು ಬಿಡುವವರೇ ಹೆಚ್ಚು. ಹೆಣ್ಣು ಗಂಡನ್ನು ಒಪ್ಪಿಕೊಳ್ಳುವುದು ಸಾಮಾನ್ಯವಾಗಿ ರಕ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಮೇಲೆಯೇ.

ಇನ್ನು ರಕ್ತ ಕೆಟ್ಟ ಮಾತು. ಇದು ಸುಳ್ಳು. ನಮ್ಮ ಊರಿನ ಸುಳ್ಳೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ಕುದುರೆ ಸಾಕಣೆದಾರರು ಇದನ್ನೇ ನಂಬಿದ್ದರು. ಲಾರ್ಡ್ ಮಾರ್ಟನ್ ಎಂಬಾತ ತನ್ನ ಹೆಣ್ಣು ಕುದುರೆಯನ್ನು ಕ್ವಾಗಾ ಎಂಬ ಜೀಬ್ರಾ ಜಾತಿಯ ಪಟ್ಟೆಯುಳ್ಳ ಪ್ರಾಣಿಗೆ ಕೂಡಿಸಿದ್ದ. ಆಮೇಲೆ ಅದೇ ಕುದುರೆ ಅರಬ್ಬಿ ಗಂಡಿಗೆ ಹಾಕಿದ ಮರಿಗಳ ಕಾಲಲ್ಲೂ ಪಟ್ಟೆ ಕಂಡವಂತೆ. ಡಾರ್ವಿನ್ ಕೂಡ ಇದನ್ನು ನಿಜವೆಂದೇ ಬಗೆದಿದ್ದ. ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಾಸರ್ ಯೂಆರ್ಟ್ ಹೆಣ್ಣು ಕುದುರೆಗಳನ್ನು ಜೀಬ್ರಾಕ್ಕೆ ಕೂಡಿಸಿ, ಆಮೇಲೆ ಕುದುರೆಗೇ ಕೂಡಿಸಿ, ವರ್ಷಗಟ್ಟಲೆ ನೋಡಿದ. ಹಿಂದಿನ ಗಂಡಿನ ಗುರುತು ಮುಂದಿನ ಮರಿಯಲ್ಲಿ ಉಳಿಯುತ್ತದೆ ಎನ್ನುವುದಕ್ಕೆ ಆಧಾರವೇ ಸಿಗಲಿಲ್ಲ. ಪ್ರತಿ ಬೆದೆಯಲ್ಲೂ ಹೊಸ ಅಂಡ, ಹೊಸ ವೀರ್ಯ. ಹೋದ ಸಲದ ಗಂಡು ಈ ಸಲದ ಮರಿಗೆ ಏನೂ ಆಗಬೇಕಿಲ್ಲ.

ಆದರೆ ಊರವರ ಈ ಮಾತಿನ ಬೇರಿನಲ್ಲಿ ಒಂದು ನಿಜ ಅಡಗಿದೆ. ಒಂದೇ ಬೆದೆಯಲ್ಲಿ ಎರಡು ಗಂಡು ಸೇರಿದರೆ ಒಂದೇ ಹೊಟ್ಟೆಯಲ್ಲಿ ಇಬ್ಬರು ಅಪ್ಪಂದಿರ ಮರಿ ಬೆಳೆಯಬಹುದು. ಚೊಕ್ಕ ಗಂಡಿಗೆ ಬಿಟ್ಟೆವು, ಅರ್ಧ ಮರಿ ಕಂತ್ರಿ ಬಂದವು ಎನ್ನುವ ಕಥೆಗಳೆಲ್ಲ ಹೀಗೆ ಹುಟ್ಟಿದವು.

ಬೀದಿನಾಯಿಯಿಂದ ಬರುವ ನಿಜವಾದ ಅಪಾಯ ರೋಗ. ನಮ್ಮಲ್ಲಿ ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಒಂದು ಗಡ್ಡೆ ರೋಗವಿದೆ, ವೈದ್ಯರು ಟಿವಿಟಿ ಅಂತಾರೆ. ಜನನಾಂಗದಲ್ಲಿ ಹೂಕೋಸಿನ ಹಾಗೆ ಗುಲಾಬಿ ಬಣ್ಣದ ಗಡ್ಡೆ, ಮುಟ್ಟಿದರೆ ರಕ್ತ. ಹನಿ ಹನಿ ರಕ್ತ ನೋಡಿ ‘ಬೆದೆಗೆ ಬಂದದ’ ಎಂದು ಗಂಡಿನ ಹತ್ತಿರ ಕರೆದೊಯ್ದು, ಆ ಗಂಡಿಗೂ ಅಂಟಿಸಿ, ಆ ಗಂಡಿನಿಂದ ಊರಿನ ಇನ್ನೈದು ಹೆಣ್ಣಿಗೆ ಹರಡಿದ್ದನ್ನು ನಾನು ನೋಡಿದ್ದೇನೆ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಬಹುತೇಕ ವಾಸಿಯಾಗುತ್ತದೆ. ಇದರ ಜೊತೆಗೆ ಬ್ರೂಸೆಲ್ಲಾ ರಕ್ತಪರೀಕ್ಷೆ ಮಾಡಿಸಿ. ಹೆಣ್ಣಿಗೆ ತಿಂಗಳು ತುಂಬುವ ಮೊದಲೇ ಕಂದು ಹಾಕಿಸುವ, ಗಂಡನ್ನು ಬಂಜೆ ಮಾಡುವ ರೋಗವದು, ಮನುಷ್ಯರಿಗೂ ಬರುತ್ತದೆ. ಗಂಡಿನ ಮಾಲೀಕರಿಗೂ ಇದೇ ಪರೀಕ್ಷೆ ಕೇಳಿ. ಮುಖ ಸಿಂಡರಿಸಿದರೆ ಬೇರೆ ಗಂಡು ನೋಡಿ.

ಆ ನಾಲ್ಕು ಮರಿಗಳೇನಾದವು ಎಂದು ನೀವು ಬರೆದಿಲ್ಲ. ಹಿಂಡಿನ ಜೊತೆ ನಡೆಯುತ್ತಿದ್ದರೆ ಒಳ್ಳೆಯದು. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹುಡುಕಿ ಬೆನ್ನಟ್ಟುವ ನಾಯಿ. ಕುರಿ ಕಾಯುವ ಕೆಲಸವನ್ನು ನಮ್ಮ ಹಟ್ಟಿಗಳಲ್ಲಿ ಎಷ್ಟೋ ಕಡೆ ಹೆಸರೇ ಇಲ್ಲದ ಊರ ನಾಯಿಗಳು ಮಾಡಿಕೊಂಡು ಬಂದಿವೆ. ಅವುಗಳ ವಂಶ ಬರೆದಿಟ್ಟವರೂ ಇಲ್ಲ, ಅಳಿಯಿತಲ್ಲ ಎಂದು ಕೊರಗಿದವರೂ ಇಲ್ಲ.

ಈಗ ಒಂದೇ ಅಪ್ಪನ ಗಂಡು. ನಿಮ್ಮ ಮನೆಗೆ ಸೊಸೆ ತರುವಾಗ ಹಿರಿಯರು ಮೊದಲು ಕೇಳುವುದು ಬೆಡಗು, ಅಂದರೆ ಅಪ್ಪನ ಕಡೆಯ ವಂಶ, ಯಾವುದು ಎಂದು. ಒಂದೇ ಬೆಡಗಾದರೆ ಅಣ್ಣ-ತಂಗಿ, ಮಾತು ಅಲ್ಲಿಗೆ ನಿಂತಿತು. ನಾಯಿಗೆ ಬಂದಾಗ ಮಾತ್ರ ಒಂದೇ ಬೆಡಗೇ ಬೇಕು ಅನ್ನುತ್ತೇವೆ! ಅಪ್ಪನನ್ನೇ ಕೇಳಿ ನೋಡಿ: ಒಂದೇ ಟಗರನ್ನು ಅದರ ಮಗಳ ಮೇಲೂ, ಮೊಮ್ಮಗಳ ಮೇಲೂ ಬಿಡುತ್ತ ಹೋದರೆ ಹಿಂಡು ಏನಾಗುತ್ತದೆ? ಅವರಿಗೆ ಉತ್ತರ ಗೊತ್ತಿರುತ್ತದೆ.

ಕಾರಣ ಇಷ್ಟು. ಪ್ರತಿ ನಾಯಿಯಲ್ಲೂ, ಪ್ರತಿ ಮನುಷ್ಯನಲ್ಲೂ, ಕೆಲವು ಕೆಟ್ಟ ವಂಶವಾಹಿಗಳು ಸುಮ್ಮನೆ ಮಲಗಿರುತ್ತವೆ. ಜೋಡಿಯಲ್ಲಿ ಇನ್ನೊಂದು ಪ್ರತಿ ಸರಿಯಿದ್ದರೆ ತೊಂದರೆ ಕಾಣುವುದಿಲ್ಲ. ಅಪ್ಪ-ಅಮ್ಮ ಇಬ್ಬರಿಗೂ ಒಬ್ಬನೇ ಹಿರಿಯನಿಂದ ಅದೇ ಕೆಟ್ಟ ಪ್ರತಿ ಬಂದಿದ್ದರೆ, ಎರಡೂ ಒಂದೇ ಮರಿಯಲ್ಲಿ ಕೂಡುತ್ತವೆ. ಹಾಗೆ ಕೂಡುವ ಸಂಭವವನ್ನು ಲೆಕ್ಕ ಹಾಕಬಹುದು. ಅಪ್ಪ-ಮಗಳಿಗೆ ಕೂಡಿಸಿದರೆ 25 ಶೇಕಡಾ. ಒಂದೇ ಅಪ್ಪ, ಬೇರೆ ಅಮ್ಮ, ಅಂದರೆ ನಿಮ್ಮ ಪ್ರಕರಣ, 12.5 ಶೇಕಡಾ. ನಮ್ಮ ಸಮಾಜದಲ್ಲಿ ಹೆಣ್ಣನ್ನು ಸೋದರಮಾವನಿಗೆ ಕೊಡುವ ಪದ್ಧತಿಯಲ್ಲೂ ಇದೇ 12.5. ಬೆಡಗು ಅಪ್ಪನ ಕಡೆಯದನ್ನಷ್ಟೇ ತಡೆಯುತ್ತದೆ. ವಂಶವಾಹಿಗೆ ಅಪ್ಪನ ಕಡೆ, ಅವ್ವನ ಕಡೆ ಎಂಬ ಭೇದವಿಲ್ಲ. ಇನ್ನೊಂದು ಮಾತು: ಈ 12.5 ಒಂದು ತಲೆಮಾರಿನ ಲೆಕ್ಕ ಮಾತ್ರ. ಆ ಅಪ್ಪ ನಾಯಿಯೂ ಹೀಗೇ ಹತ್ತಿರದ ಸಂಬಂಧದಲ್ಲೇ ಹುಟ್ಟಿದ್ದರೆ ಅಂಕಿ ಇನ್ನೂ ಮೇಲಕ್ಕೆ ಹೋಗುತ್ತದೆ.

ಹತ್ತಿರದಲ್ಲಿ ಕೂಡಿಸಿದರೆ ಮರಿಗಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೆ ಎನ್ನುವುದು ನಿಜ. ಹಳೆಯ ಸಾಕಣೆದಾರರು ಅದನ್ನೇ ಮಾಡಿ ತಳಿಗೆ ರೂಪ ಕೊಟ್ಟರು, ಅದನ್ನು ಅಲ್ಲಗಳೆಯುವುದಿಲ್ಲ. ಅವರು ಅದರ ಬೆಲೆಯನ್ನೂ ಕೊಟ್ಟರು: ಮರಿಗಳ ಸಂಖ್ಯೆ ಇಳಿಯಿತು, ಹುಟ್ಟಿದವು ಬಲಹೀನವಾದವು, ವೃಷಣ ಕೆಳಗೆ ಇಳಿಯದ ಗಂಡುಗಳು ಹೆಚ್ಚಾದವು. ಎಂಟು ವಾರದ ಗಂಡು ಮರಿಯನ್ನು ಕೊಳ್ಳುವಾಗ ಎರಡು ಬೆರಳಲ್ಲಿ ತಡವಿ ನೋಡಿ. ಎರಡೂ ಕೈಗೆ ಸಿಗಬೇಕು. ಒಂದೇ ಸಿಕ್ಕಿದರೆ ಸಾಕಲು ತೊಂದರೆಯಿಲ್ಲ, ತಳಿಗೆ ಮಾತ್ರ ಬೇಡ.

ಪಕ್ಕದ ಮನೆಯ ಮೂರು ಮರಿ ಸತ್ತಿದ್ದಕ್ಕೆ ಸಂಬಂಧವೇ ಕಾರಣ ಎಂದು ನಾನು ಇಲ್ಲಿಂದಲೇ ತೀರ್ಪು ಕೊಡಲಾರೆ. ಮೊದಲ ವಾರದ ಸಾವಿಗೆ ಚಳಿ ದೊಡ್ಡ ಕಾರಣ. ಮೊದಲ ಎರಡು ವಾರ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮುಧೋಳ ತಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ತೆಳು. ಡಿಸೆಂಬರಿನ ರಾತ್ರಿ ಸಿಮೆಂಟ್ ನೆಲದ ಮೇಲೆ ಒಂದು ಗೋಣಿಚೀಲ ಸಾಲದು. ಕೊಕ್ಕೆಹುಳು, ಸೋಂಕು, ಹಾಲು ಸಾಲದಿರುವುದು ಎಲ್ಲವೂ ಇರಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ಪ್ರತಿ ಮರಿಯನ್ನೂ ತೂಗಿ ಬರೆದಿಟ್ಟರೆ, ಸಾಯುವ ಮರಿ ಒಂದು ದಿನ ಮೊದಲೇ ಸುಳಿವು ಕೊಡುತ್ತದೆ: ತೂಕ ಏರುವುದು ನಿಂತಿರುತ್ತದೆ. ಆದರೂ ತಾಯಿ ಅದೇ ಮನೆತನದ್ದು ಎಂದು ನೀವೇ ಬರೆದಿದ್ದೀರಿ, ಹಾಗಿರುವಾಗ ಆ ಗಂಡಿಗೆ ನಿಮ್ಮ ನಾಯಿಯನ್ನು ಕೂಡಿಸಿ ಪರೀಕ್ಷೆ ಮಾಡುವ ಅಗತ್ಯವಿಲ್ಲ.

ಆ ಗಂಡು ಒಳ್ಳೆಯ ನಾಯಿಯೇ ಇರಬಹುದು. ಎಲ್ಲ ಹೆಣ್ಣಿಗೂ ಅದೊಂದೇ ಗಂಡು ಆಗುತ್ತಿರುವುದು ತೊಂದರೆ. ಬಹುಮಾನ ಬಂದ ನಾಯಿಗೆ ಸುತ್ತಲಿನ ಹತ್ತು ಊರಿನಿಂದ ಹೆಣ್ಣು ಬರುತ್ತವೆ, ಮಾಲೀಕನಿಗೆ ದುಡ್ಡೋ ಮೊದಲ ಆಯ್ಕೆಯ ಒಂದು ಮರಿಯೋ ಸಿಗುತ್ತದೆ, ಐದು ವರ್ಷದಲ್ಲಿ ಆ ಭಾಗದ ನಾಯಿಗಳೆಲ್ಲ ಅಣ್ಣ-ತಂಗಿ. ಒಂದು ಸಣ್ಣ ಲೆಕ್ಕ ನೋಡಿ. ಒಂದು ಪ್ರದೇಶದಲ್ಲಿ ಮರಿ ಹಾಕುವ 40 ಹೆಣ್ಣು, ಅವಕ್ಕೆ ಬಳಸುವ ಗಂಡು ಎರಡೇ ಎಂದುಕೊಳ್ಳಿ. ಕಣ್ಣಿಗೆ 42 ನಾಯಿ. ವಂಶದ ದೃಷ್ಟಿಯಿಂದ ಅದು ಎಂಟು ನಾಯಿಗೂ ಕಡಿಮೆಯ ಗುಂಪು (ತಳಿಶಾಸ್ತ್ರದ ಸೂತ್ರ ಇದು: ನಾಲ್ಕು ಗುಣಿಸು ಗಂಡು ಎರಡು ಗುಣಿಸು ಹೆಣ್ಣು ನಲವತ್ತು, ಭಾಗಿಸು ಒಟ್ಟು ನಲವತ್ತೆರಡು: 7.6). ಅದೇ 40 ಹೆಣ್ಣಿಗೆ ಹತ್ತು ಗಂಡು ಬಳಸಿದರೆ 32. ಮೊದಲನೆಯದರಲ್ಲಿ ತಲೆಮಾರಿಗೆ ಸುಮಾರು 6.6 ಶೇಕಡಾ ವೈವಿಧ್ಯ ಸೋರಿಹೋಗುತ್ತದೆ, ಎರಡನೆಯದರಲ್ಲಿ 1.6. ಹೆಣ್ಣು ಎಷ್ಟೇ ಇರಲಿ, ತಳಿಯ ಹಣೆಬರಹ ಗಂಡುಗಳ ಸಂಖ್ಯೆಯಲ್ಲಿದೆ. ಹಾಗಾಗಿ ಎರಡನೇ ಬಹುಮಾನ, ಮೂರನೇ ಬಹುಮಾನದ ಗಂಡುಗಳೂ ಬೇಕು, ಪ್ರದರ್ಶನಕ್ಕೇ ಹೋಗದ ಆರೋಗ್ಯವಂತ ಗಂಡುಗಳೂ ಬೇಕು.

ಇಲ್ಲಿ ಸಾಂಗ್ಲಿಯ ನಾಯಿ ಬರುತ್ತದೆ. ಕಾಕಾ ಅವರಿಗೆ ನನ್ನ ಗೌರವದ ಭಿನ್ನಾಭಿಪ್ರಾಯ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಈ ತಳಿಯನ್ನು ಮುಧೋಳ ಹೌಂಡ್ ಎಂದು ದಾಖಲಿಸುತ್ತದೆ, ಕೆನಲ್ ಕ್ಲಬ್ ಆಫ್ ಇಂಡಿಯಾ ಕಾರವಾನ್ ಹೌಂಡ್ ಎಂದು ದಾಖಲಿಸುತ್ತದೆ. ಹೆಸರು ಎರಡು, ಮೂಲ ಒಂದೇ. ಮುಧೋಳದ ಘೋರ್ಪಡೆ ಸಂಸ್ಥಾನ 1948ರಲ್ಲಿ ಸೇರಿದ್ದು ಮುಂಬಯಿ ಪ್ರಾಂತಕ್ಕೆ. 1956ರಲ್ಲಿ ಆ ಭಾಗ ಮೈಸೂರು ರಾಜ್ಯಕ್ಕೆ ಬಂತು, ಸಾಂಗ್ಲಿ ಆಚೆ ಉಳಿಯಿತು. ನಾಯಿಗಳು ರಾಜ್ಯ ಪುನರ್ವಿಂಗಡಣೆಯ ವರದಿ ಓದಿಲ್ಲ. ಸಾಂಗ್ಲಿಯ ಆ ಗಂಡಿನ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಹೆಸರು ನಿಮ್ಮ ನಾಯಿಯ ಕಡೆಯವರ ಜೊತೆ ಎಲ್ಲೂ ಸೇರದಿದ್ದರೆ ನನ್ನ ಮೊದಲ ಆಯ್ಕೆ ಅದೇ.

ಆದರೆ ಕಣ್ಣಾರೆ ನೋಡದೆ ಒಪ್ಪಬೇಡಿ. ಫೋಟೊದಲ್ಲಿ ಎಲ್ಲ ನಾಯಿಯೂ ಚೆಂದ. ಹೋಗಿ ಒಂದು ದಿನ ಇದ್ದು ಬನ್ನಿ. ಅಪರಿಚಿತರು ಬಂದಾಗ ಎಚ್ಚರದಿಂದ ದೂರ ನಿಲ್ಲುತ್ತದೋ, ಹೆದರಿ ಮಂಚದ ಕೆಳಗೆ ಸೇರುತ್ತದೋ, ಕಾರಣವಿಲ್ಲದೆ ಕಚ್ಚಲು ಬರುತ್ತದೋ ನೋಡಿ. ಮುಧೋಳ ನಾಯಿ ಬಿಗುಮಾನದ್ದು, ಎಲ್ಲರ ಕೈಗೂ ಬರುವುದಿಲ್ಲ. ಬಿಗುಮಾನ ಬೇರೆ, ಅಂಜುಬುರುಕತನ ಬೇರೆ. ಎರಡನೆಯದು ಮರಿಗೂ ಇಳಿಯುತ್ತದೆ. ಅದರ ಹಿಂದಿನ ಮರಿಗಳು ಯಾರ ಮನೆಯಲ್ಲಿವೆ ಎಂದು ಕೇಳಿ ಅವನ್ನೂ ನೋಡಿ. ದಾಖಲೆ ಇಲ್ಲ ಎಂದರೆ ಆ ಗಂಡಿನ ಮೇಲೆ ಅರ್ಧ ನಂಬಿಕೆ ಇಡಿ. ತಂದೆ-ತಾಯಿ ಖಚಿತಪಡಿಸುವ ಡಿಎನ್‌ಎ ಪರೀಕ್ಷೆ ಈಗ ಸಿಗುತ್ತದೆ. ಸಾಂಗ್ಲಿ ಕೂಡಿಬರದಿದ್ದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಿಮ್ಮ ನಾಯಿಯನ್ನು ಕರೆದುಕೊಂಡು ಹೋಗಿ ತೋರಿಸಿ, ಸಂಬಂಧವಿಲ್ಲದ ಗಂಡಿನ ಬಗ್ಗೆ ಅಲ್ಲಿ ವಿಚಾರಿಸಿ.

ಗ್ರೇಹೌಂಡ್ ವಿಷಯದಲ್ಲಿ ಬೇಡ ಎಂದು ನೇರವಾಗಿ ಹೇಳುತ್ತೇನೆ. ಬೆರಕೆ ಪಾಪ ಎಂದಲ್ಲ. ನಾರ್ವೆಯ ಲುಂಡೆಹುಂಡ್ ಎಂಬ ತಳಿ ಡಿಸ್ಟೆಂಪರ್ ರೋಗಕ್ಕೆ ಸಿಕ್ಕಿ ಬೆರಳೆಣಿಕೆಯ ನಾಯಿಗಳಿಗೆ ಇಳಿಯಿತು, ಉಳಿದವುಗಳಿಂದಲೇ ಬೆಳೆಸಿದ್ದರಿಂದ ಇಡೀ ತಳಿಗೆ ಕರುಳಿನ ಕಾಯಿಲೆ ಅಂಟಿಕೊಂಡಿತು. ಅಲ್ಲಿನ ಕ್ಲಬ್ಬಿನವರು ಈಗ ಯೋಚಿಸಿ, ಬರೆದಿಟ್ಟು, ನೆರೆಯ ತಳಿಗಳ ಜೊತೆ ಬೆರಕೆ ಮಾಡಿಸುತ್ತಿದ್ದಾರೆ. ಅದು ಔಷಧ. ನಿಮ್ಮ ಗೆಳೆಯ ಹೇಳುತ್ತಿರುವುದು ವ್ಯಾಪಾರ. ಆ ಮರಿಗಳು ಚೆನ್ನಾಗಿಯೇ ಓಡಬಹುದು, ಆದರೆ ಅವು ಮಾರಾಟವಾಗುವುದು ‘ಮುಧೋಳ’ ಎಂಬ ಹೆಸರಲ್ಲಿ, ಕೊಂಡವನು ಇನ್ನೊಂದು ಮುಧೋಳಕ್ಕೆ ಕೂಡಿಸುತ್ತಾನೆ, ಮೂರನೇ ತಲೆಮಾರಿಗೆ ಯಾವುದು ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. 2020ರ ಆಗಸ್ಟಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಈ ತಳಿಯ ಹೆಸರು ಹೇಳಿದ ಮೇಲೆ ಮರಿ ಕೇಳಿಕೊಂಡು ಫೋನು ಮಾಡುವವರು ಹೆಚ್ಚಾದರು. ಬೇಡಿಕೆ ಬಂದಾಗಲೇ ಇಂಥ ಕಲಬೆರಕೆಯೂ ನಡೆಯುವುದು.

ನಿಮ್ಮದು ಕುರಿಗಾರರ ಮನೆ, ಹಾಗಾಗಿ ಐಸ್‌ಲೆಂಡಿನ ಕುರಿನಾಯಿಯ ಕಥೆ ಹೇಳುತ್ತೇನೆ. ಗುಡ್ಡದಿಂದ ಕುರಿ ಹೊಡೆದುಕೊಂಡು ಬರಲು ಅಲ್ಲಿನವರು ಸಾಕಿದ ಸಣ್ಣ ನಾಯಿ, ನಮ್ಮ ಮುಧೋಳಕ್ಕೂ ಅದಕ್ಕೂ ರೂಪದಲ್ಲಿ ಏನೂ ಹೋಲಿಕೆಯಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ರೋಗ ಬಂದು ಬಹಳಷ್ಟು ಸತ್ತವು. 1950ರ ದಶಕದಲ್ಲಿ ಮಾರ್ಕ್ ವಾಟ್ಸನ್ ಎಂಬ ಇಂಗ್ಲಿಷ್ ಮನುಷ್ಯ ದೂರದ ಕಣಿವೆಗಳಲ್ಲಿ ಹುಡುಕಿ ಕೆಲವನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. 1960ರ ದಶಕದಲ್ಲಿ ಸಿಗ್ರಿದುರ್ ಪೇತುರ್ಸ್‌ದೊತ್ತಿರ್ ಎಂಬ ರೈತ ಮಹಿಳೆ ತನ್ನ ತೋಟದಲ್ಲೇ ಉಳಿಸುವ ಕೆಲಸ ಶುರು ಮಾಡಿದಳು. ಕೈಯಲ್ಲಿದ್ದವು ಕೆಲವೇ ನಾಯಿ, ಹತ್ತಿರದ ಸಂಬಂಧ ತಪ್ಪಿಸಲು ಆಗುತ್ತಿರಲಿಲ್ಲ. 1996ರಲ್ಲಿ ಈ ನಾಯಿ ಸಾಕುವ ದೇಶಗಳ ಕ್ಲಬ್ಬುಗಳು ಒಂದಾದವು, ಮುಂದೆ ಎಲ್ಲರ ನಾಯಿಗಳ ವಂಶಾವಳಿಯನ್ನು ಒಂದೇ ಕಡತಕ್ಕೆ ತಂದವು. ಒಂದು ನಾಯಿಯಿಂದ ಮಿತಿಮೀರಿ ಮರಿ ಪಡೆಯಬಾರದು ಎಂಬ ಸಲಹೆಯೂ ಅಲ್ಲಿಂದಲೇ ಬಂತು. ನಮ್ಮ ತಳಿಗೆ 2005ರಲ್ಲಿ ಅಂಚೆಚೀಟಿ ಬಂತು, ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯೂ ಆಗಿದೆ. ಮನೆ ಮನೆಯ ನಾಯಿಯ ಅಪ್ಪ-ಅಮ್ಮ ಯಾರು ಎಂಬ ಕಡತ ಮಾತ್ರ ಮನೆಯವರೇ ಶುರು ಮಾಡಬೇಕು.

ಐಸ್‌ಲೆಂಡಿನಿಂದ ಇನ್ನೊಂದು ಪಾಠ, ತಳಿಗೆ ಸಂಬಂಧಿಸಿದ್ದಲ್ಲ. ನಾಯಿಯಿಂದ ಹರಡುವ ಹೈಡಾಟಿಡ್ ಹುಳುವಿನ ಭಯಕ್ಕೆ ರೇಕ್ಯಾವಿಕ್ ನಗರ 1924ರಲ್ಲಿ ನಾಯಿ ಸಾಕುವುದನ್ನೇ ನಿಷೇಧಿಸಿತ್ತು. ಕುರಿ ಕೊಯ್ದಾಗ ಹಸಿ ಯಕೃತ್ತು, ಪುಪ್ಪುಸ, ತಲೆ ನಾಯಿಗೆ ಎಸೆಯುವುದು ನಮ್ಮಲ್ಲೂ ಇದೆ. ಅದರಿಂದ ನಾಯಿಗೆ ಹುಳು, ನಾಯಿಯಿಂದ ಕುರಿಗೂ ಮಕ್ಕಳಿಗೂ. ಬೇಯಿಸಿ ಹಾಕಿ, ಪ್ರಾಜಿಕ್ವಾಂಟೆಲ್ ಇರುವ ಜಂತುಗುಳಿಗೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ಕೊಡಿ.

ಮರಿಯೇ ಹಾಕಿಸದಿರುವುದೂ ಒಂದು ದಾರಿ. ಒಂದು ಸಲ ಮರಿ ಹಾಕಿದರೆ ಗರ್ಭಕೋಶದ ರೋಗ ಬರುವುದಿಲ್ಲ ಎನ್ನುವುದು ಸುಳ್ಳು. ಸಂತಾನಹರಣ ಮಾಡಿಸದ ಯಾವ ಹೆಣ್ಣಿಗೂ ಗರ್ಭಕೋಶದಲ್ಲಿ ಕೀವು ತುಂಬಬಹುದು. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನಾಯಿ ಮಂಕಾಗಿ ಕೊಡಗಟ್ಟಲೆ ನೀರು ಕುಡಿಯತೊಡಗಿದರೆ ಅದೇ ದಿನ ದವಾಖಾನೆಗೆ ಒಯ್ಯಿರಿ. ಶಸ್ತ್ರಚಿಕಿತ್ಸೆ ಯಾವುದೇ ಇರಲಿ, ಇದು ಹೌಂಡ್ ಜಾತಿಯ ನಾಯಿ ಎಂದು ವೈದ್ಯರಿಗೆ ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ನಾಯಿಗಳಿಗೆ ಥಯೋಪೆಂಟಾಲ್‌ನಂಥ ಮಂಪರು ಔಷಧದ ಅಮಲು ಬೇಗ ಇಳಿಯುವುದಿಲ್ಲ.

ಮುಂದಿನ ಬೆದೆ ಬರಲು ಆರರಿಂದ ಎಂಟು ತಿಂಗಳಿದೆ, ಕೆಲಸಕ್ಕೆ ಅಷ್ಟು ಸಮಯ ಸಾಕು. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ನಿಮ್ಮ ನಾಯಿಯ ಅಪ್ಪ, ಅಮ್ಮ, ನಾಲ್ಕು ಅಜ್ಜ-ಅಜ್ಜಿಯರು ಯಾರ ಮನೆಯವು ಎಂದು ಬರೆಯಿರಿ. ನಿಮಗೆ ಗೊತ್ತಿರದಿದ್ದರೆ ಅಪ್ಪನಿಗೆ, ಕಾಕಾಗೆ ಗೊತ್ತಿರುತ್ತದೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಟಿವಿಟಿ ತಪಾಸಣೆ, ಬ್ರೂಸೆಲ್ಲಾ, ಲಸಿಕೆ ಮುಗಿಸಿ. ಮರಿ ಒಯ್ಯುವವರು ಯಾರು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿಗೆ ಈ ನಾಯಿ ಹೋದರೆ ವರ್ಷದೊಳಗೆ ರಸ್ತೆಗೆ ಬೀಳುವುದನ್ನು ಸಾಕಷ್ಟು ನೋಡಿದ್ದೇನೆ. ಆರು ಜನ ಸರಿಯಾದವರು ಸಿಗದಿದ್ದರೆ ಇನ್ನೊಂದು ಬೆದೆ ಕಾಯಿರಿ, ನಷ್ಟವಿಲ್ಲ.

ಬೆದೆಯ ಮೊದಲ ಹನಿ ಕಂಡ ದಿನವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಆರನೇ-ಏಳನೇ ದಿನದಿಂದ ಒಂದು ದಿನ ಬಿಟ್ಟು ಒಂದು ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಎಷ್ಟಿದೆ ಎಂದು ನೋಡಿಸಿ. ಮಿಲಿಲೀಟರಿಗೆ 5 ನ್ಯಾನೊಗ್ರಾಂ ಆಸುಪಾಸು ಬಂದಾಗ ಅಂಡ ಬಿಡುಗಡೆ, ಅದಾಗಿ ಎರಡು ದಿನಕ್ಕೆ ಕೂಡಿಸಲು ಸರಿಯಾದ ಹೊತ್ತು. ಸಾಂಗ್ಲಿಗೆ ಹೊರಡುವ ಗಾಡಿಯನ್ನು ಆ ರಿಪೋರ್ಟು ಬಂದ ಮೇಲೆ ಗೊತ್ತು ಮಾಡಿ.